ಸಿಪಿಯು ಸುಮ್ಮನಿದ್ದರೂ ಸರ್ವರ್ ಲೋಡ್ ಏರಿದರೆ: ಕಾರಣ ಹುಡುಕುವ ಕೈಪಿಡಿ

ಲಕ್ಷಣ ಹೀಗಿರುತ್ತದೆ. ಲಿನಕ್ಸ್ ಸರ್ವರ್‌ನಲ್ಲಿ ಅಪ್‌ಟೈಮ್ ಕಮಾಂಡ್ ಕೊಟ್ಟರೆ ಲೋಡ್ 40 ಎಂದು ತೋರಿಸುತ್ತದೆ. ಯಂತ್ರದಲ್ಲಿರುವುದು ನಾಲ್ಕೇ ಕೋರ್. ಗಾಬರಿಯಿಂದ, ಪ್ರೊಸೆಸ್‌ಗಳನ್ನು (ಚಾಲನೆಯಲ್ಲಿರುವ ಪ್ರೋಗ್ರಾಂಗಳನ್ನು) ಪಟ್ಟಿ ಮಾಡುವ ಟಾಪ್ ತೆರೆದರೆ ಸಿಪಿಯುವಿನ ಶೇ 95ರಷ್ಟು ಖಾಲಿ ಇದೆ, ಮೆಮೊರಿ ಬೇಕಾದಷ್ಟಿದೆ, ಪಟ್ಟಿಯ ಮೊದಲ ಸಾಲಿನ ಪ್ರೊಸೆಸ್ ಕೂಡ ಶೇ 2 ದಾಟಿಲ್ಲ. ಒಂದು ಕಡೆ ಯಂತ್ರಕ್ಕೆ ಕೆಲಸವೇ ಇಲ್ಲ, ಇನ್ನೊಂದು ಕಡೆ ಹೊರಲಾರದ ಹೊರೆ. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು ಎಂಬುದು ಗೊತ್ತಿಲ್ಲದಿದ್ದರೆ ಹುಡುಕಾಟ ಅಲ್ಲೇ ನಿಂತುಬಿಡುತ್ತದೆ.

ಕೋಲಾರ, ಮಾಲೂರು, ಚಿಂತಾಮಣಿ, ಶಿಡ್ಲಘಟ್ಟದಂತಹ ಊರುಗಳಲ್ಲಿ ಮಂಡಿ, ನರ್ಸಿಂಗ್ ಹೋಂ, ಶಾಲೆ, ಸಹಕಾರ ಸಂಘಗಳ ಸರ್ವರ್ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಅಲ್ಲಿ ಒಬ್ಬರೇ ಇರುತ್ತಾರೆ; ಪ್ರಿಂಟರ್, ಸಿಸಿ ಕ್ಯಾಮೆರಾ, ಇಂಟರ್ನೆಟ್ ಎಲ್ಲವೂ ಅವರದೇ ತಲೆಗೆ. ಲೋಡ್ ಏರಿದಾಗ ಅವರ ಮುಂದೆ ಎರಡು ಸಲಹೆಗಳು ಬರುತ್ತವೆ: ರೀಬೂಟ್ ಮಾಡಿ, ಇಲ್ಲವೇ ದೊಡ್ಡ ಸರ್ವರ್ ಕೊಳ್ಳಿ. ಮೊದಲನೆಯದು ಕಾರಣವನ್ನು ಅಳಿಸಿಹಾಕುತ್ತದೆ, ಎರಡನೆಯದು ಲಕ್ಷಾಂತರ ರೂಪಾಯಿ ನುಂಗುತ್ತದೆ. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಪ್ರೊಸೆಸ್ ಯಾವುದಕ್ಕಾಗಿ ಕಾಯುತ್ತಿದೆ? ಇದಕ್ಕೆ ಉತ್ತರ ಸಿಗುವವರೆಗೆ ಯಾವ ದುರಸ್ತಿಗೂ ಕೈಹಾಕಬಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಸರ್ವರ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಬೇಕು.

ರೀಬೂಟ್‌ಗೆ ಮೊದಲು ಎರಡು ನಿಮಿಷ

ಹರಾಜು ಶುರುವಾಗುವ ಹೊತ್ತು, ಬಿಲ್ ಹೊರಬರುತ್ತಿಲ್ಲ, ರೈತರು ಕಿಟಕಿಯ ಮುಂದೆ ನಿಂತಿದ್ದಾರೆ. ಯಂತ್ರವನ್ನು ಆರಿಸಿ ಹೊತ್ತಿಸಿ ಎಂದು ಮಾಲೀಕರು ಹೇಳುವುದು ಸಹಜ. ಆಗಲೂ ಎರಡು ನಿಮಿಷ ಕೇಳಿ ಪಡೆಯಿರಿ. ರೀಬೂಟ್ ಆದರೆ ಕಾಯುತ್ತಿದ್ದ ಪ್ರೊಸೆಸ್‌ಗಳ ಜೊತೆಗೆ ಅವು ಏಕೆ ಕಾಯುತ್ತಿದ್ದವು ಎಂಬ ಸುಳಿವೂ ಹೋಗುತ್ತದೆ, ನಾಳೆ ಅದೇ ಹೊತ್ತಿಗೆ ಅದೇ ತೊಂದರೆ ಮರಳುತ್ತದೆ.

ಸುಳಿವನ್ನು ಎಲ್ಲಿ ಉಳಿಸಬೇಕು ಎಂಬುದೂ ಮುಖ್ಯ. ಡಿಸ್ಕೇ ಕೈಕೊಟ್ಟಿದ್ದರೆ ಸರ್ವರ್‌ನಲ್ಲಿ ಫೈಲ್ ಬರೆಯಲು ಹೋದ ನಿಮ್ಮ ಕಮಾಂಡ್ ಕೂಡ ಅಲ್ಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ನಿಮ್ಮ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ವಿಧಾನ) ಮೂಲಕ ಕಮಾಂಡ್ ಓಡಿಸಿ, ಬಂದ ಉತ್ತರವನ್ನು ಲ್ಯಾಪ್‌ಟಾಪ್‌ನಲ್ಲೇ ಫೈಲ್ ಮಾಡಿಕೊಳ್ಳಿ. ಬೇಕಾದದ್ದು ನಾಲ್ಕು: ಎಲ್ಲ ಪ್ರೊಸೆಸ್‌ಗಳ ಸ್ಥಿತಿ ತೋರಿಸುವ ಪಿಎಸ್ ಪಟ್ಟಿ, ‘ವಿಎಂಸ್ಟ್ಯಾಟ್ 1 10’ರ ಹತ್ತು ಸಾಲು, ‘ಡಿಮೆಸೇಜ್ -ಟಿ’ (dmesg -T) ಕೊಡುವ, ವ್ಯವಸ್ಥೆಯ ತಿರುಳಾದ ಕರ್ನಲ್‌ನ ಲಾಗ್ (ಇಲ್ಲಿ ಟಿ ಮಾತ್ರ ದೊಡ್ಡಕ್ಷರ), ಮತ್ತು ಯಾವ ಡಿಸ್ಕ್ ಎಲ್ಲಿ ಜೋಡಣೆಯಾಗಿದೆ (ಮೌಂಟ್ ಆಗಿದೆ) ಎಂದು ಹೇಳುವ, ಪ್ರೋಕ್ ಡೈರೆಕ್ಟರಿಯ ಮೌಂಟ್ಸ್ ಫೈಲ್. ಇಷ್ಟು ಕೈಯಲ್ಲಿದ್ದರೆ ರೀಬೂಟ್ ಆದ ಮೇಲೂ ಕುಳಿತು ಯೋಚಿಸಬಹುದು.

ಲೋಡ್ ಎಣಿಸುವುದು ಏನನ್ನು

ಲೋಡ್ ಆವರೇಜ್ ಎಂಬುದು ಸಿಪಿಯು ಬಳಕೆಯ ಶೇಕಡಾವಾರು ಅಲ್ಲ. ಅದು ತಲೆ ಎಣಿಕೆ. ಯುನಿಕ್ಸ್ ಜಗತ್ತಿಗೆ ಇದು ಹಳೆಯ ವ್ಯವಸ್ಥೆಗಳಿಂದ ಬಂದ ಬಳುವಳಿ. 1973ರಲ್ಲಿಯೇ ಟೆನೆಕ್ಸ್ ಎಂಬ ವ್ಯವಸ್ಥೆಯ ಲೋಡ್ ಆವರೇಜ್‌ಗಳ ಬಗ್ಗೆ ಆರ್‌ಎಫ್‌ಸಿ 546 ಎಂಬ ದಾಖಲೆ ಪ್ರಕಟವಾಗಿದೆ. ಸೋಲಾರಿಸ್‌ನಂತಹ ವ್ಯವಸ್ಥೆಗಳಲ್ಲಿ ಸಿಪಿಯು ಮೇಲೆ ಓಡುತ್ತಿರುವ ಮತ್ತು ಸಿಪಿಯುಗಾಗಿ ಸರದಿಯಲ್ಲಿರುವ ಪ್ರೊಸೆಸ್‌ಗಳನ್ನು ಮಾತ್ರ ಎಣಿಸಲಾಗುತ್ತದೆ. ಅಲ್ಲಿ ಲೋಡ್ ಏರಿದರೆ ಸಿಪಿಯು ಸಾಲದು ಎಂದೇ ಅರ್ಥ.

ಲಿನಕ್ಸ್ ಹಾಗಲ್ಲ. 1993ರಲ್ಲಿ ಮಥಿಯಾಸ್ ಉರ್ಲಿಕ್ಸ್ ಎಂಬ ಪ್ರೋಗ್ರಾಮರ್ ಒಂದು ಸಣ್ಣ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದರು. ಅವರ ತಕರಾರು ಸಮಂಜಸವಾಗಿತ್ತು: ವೇಗದ ಸ್ವಾಪ್ ಡಿಸ್ಕ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್) ತೆಗೆದು ನಿಧಾನದ ಡಿಸ್ಕ್ ಹಾಕಿದರೆ ಯಂತ್ರ ತೆವಳುತ್ತದೆ, ಆದರೆ ಪ್ರೊಸೆಸ್‌ಗಳೆಲ್ಲ ಡಿಸ್ಕ್‌ಗಾಗಿ ಕಾಯುತ್ತ ಕೂರುವುದರಿಂದ ಲೋಡ್ ಸಂಖ್ಯೆ ಇಳಿಯುತ್ತದೆ, ಇದು ತಲೆಕೆಳಗಾದ ಲೆಕ್ಕ. ಅಂದಿನಿಂದ ಲಿನಕ್ಸ್ ಎರಡು ಬಗೆಯವರನ್ನು ಕೂಡಿಸಿ ಎಣಿಸುತ್ತದೆ. ಸಿಪಿಯು ಮೇಲಿರುವವರು ಮತ್ತು ಅದಕ್ಕಾಗಿ ಕಾಯುವವರು ಒಂದು ಗುಂಪು. ಡಿಸ್ಕ್, ನೆಟ್‌ವರ್ಕ್ ಫೈಲ್ ವ್ಯವಸ್ಥೆ ಅಥವಾ ಕರ್ನಲ್‌ನೊಳಗಿನ ಯಾವುದೋ ಬೀಗಕ್ಕಾಗಿ ಎಬ್ಬಿಸಲಾಗದ ನಿದ್ದೆಯಲ್ಲಿರುವವರು ಇನ್ನೊಂದು ಗುಂಪು. ಪಿಎಸ್ ಪಟ್ಟಿಯಲ್ಲಿ ಮೊದಲ ಗುಂಪಿಗೆ ‘ಆರ್’ ಎಂಬ ಅಕ್ಷರ, ಎರಡನೆಯದಕ್ಕೆ ‘ಡಿ’.

ಮಾರುಕಟ್ಟೆಯ ಗೇಟಿನ ಹೊರಗೆ ನಲವತ್ತು ಲಾರಿಗಳು ನಿಂತಿರಬಹುದು, ಒಳಗೆ ಹಮಾಲಿಗಳು ಕೈಕಟ್ಟಿ ಕುಳಿತಿರಬಹುದು. ಗೇಟಿನ ಕೀಲಿ ಇಟ್ಟುಕೊಂಡವನು ಬಂದಿಲ್ಲ, ಅಷ್ಟೇ. ಅಲ್ಲಿ ಇನ್ನೂ ಹತ್ತು ಹಮಾಲಿಗಳನ್ನು ಕರೆತಂದರೆ ಏನೂ ಪ್ರಯೋಜನವಿಲ್ಲ.

ಅಪ್‌ಟೈಮ್ ಕೊಡುವ ಮೂರು ಸಂಖ್ಯೆಗಳು 1, 5 ಮತ್ತು 15 ನಿಮಿಷಗಳವು. ಇವು ನೇರ ಸರಾಸರಿಗಳಲ್ಲ. ಕರ್ನಲ್ ಸುಮಾರು ಐದು ಸೆಕೆಂಡಿಗೊಮ್ಮೆ ಎಣಿಸಿ, ಹಳೆಯ ಎಣಿಕೆಯ ತೂಕವನ್ನು ಕ್ರಮೇಣ ಇಳಿಸುತ್ತ ಹೋಗುತ್ತದೆ. ಏನೂ ಕೆಲಸವಿಲ್ಲದ ಯಂತ್ರದಲ್ಲಿ ಒಂದೇ ಪ್ರೊಸೆಸ್ ಬಿಡುವಿಲ್ಲದೆ ಒಂದು ನಿಮಿಷ ಓಡಿದರೆ ಮೊದಲ ಸಂಖ್ಯೆ 1 ಆಗುವುದಿಲ್ಲ, 0.63ರ ಹತ್ತಿರ ಇರುತ್ತದೆ. ಇಳಿಯುವಾಗಲೂ ಹಾಗೆಯೇ: ಕಾರಣ ನಿವಾರಣೆಯಾದ ಒಂದು ನಿಮಿಷಕ್ಕೆ 40 ಇದ್ದದ್ದು 15ರ ಆಸುಪಾಸು, ಎರಡನೇ ನಿಮಿಷಕ್ಕೆ 5 ಚಿಲ್ಲರೆ, ಮೂರನೆಯದಕ್ಕೆ 2. ದುರಸ್ತಿ ಮಾಡಿದ ತಕ್ಷಣ ಸಂಖ್ಯೆ ಇಳಿಯಲಿಲ್ಲವೆಂದು ಮತ್ತೇನಾದರೂ ಕೆದಕಲು ಹೋಗಬೇಡಿ. ಮೂರು ಸಂಖ್ಯೆಗಳಲ್ಲಿ ಮೊದಲನೆಯದು ದೊಡ್ಡದಾಗಿದ್ದರೆ ಹೊರೆ ಏರುತ್ತಿದೆ, ಕೊನೆಯದು ದೊಡ್ಡದಾಗಿದ್ದರೆ ಇಳಿಯುತ್ತಿದೆ.

ಕಂಟೇನರ್ (ಒಂದೇ ಯಂತ್ರದೊಳಗೆ ಪ್ರತ್ಯೇಕಿಸಿಟ್ಟ ಆವರಣ) ಒಳಗಿನಿಂದ ನೋಡುತ್ತಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಅಲ್ಲಿ ಸಾಮಾನ್ಯವಾಗಿ ಕಾಣುವುದು ಇಡೀ ಆತಿಥೇಯ ಯಂತ್ರದ ಲೋಡ್, ನಿಮ್ಮ ಕಂಟೇನರಿನದಲ್ಲ.

ಮೊದಲ ಕವಲು

‘ವಿಎಂಸ್ಟ್ಯಾಟ್ 1’ ಕೊಡಿ. ಮೊದಲ ಸಾಲನ್ನು ಬಿಟ್ಟುಬಿಡಿ. ಅದು ಯಂತ್ರ ಹೊತ್ತಿಸಿದಾಗಿನಿಂದ ಈವರೆಗಿನ ಸರಾಸರಿ. ಎರಡನೇ ಸಾಲಿನಿಂದ ಎಡತುದಿಯ ‘ಆರ್’ ಮತ್ತು ‘ಬಿ’ ಕಾಲಮ್‌ಗಳನ್ನು ಹೋಲಿಸಿ. ಆರ್ ದೊಡ್ಡದಾಗಿದ್ದು ಬಿ ಸೊನ್ನೆಯಿದ್ದರೆ ಸಿಪಿಯು ಕಡೆಗೆ ಹೋಗಿ. ಬಿ ದೊಡ್ಡದಿದ್ದರೆ, ಅಥವಾ ಎರಡೂ ಸಣ್ಣದಿದ್ದು ಲೋಡ್ ಮಾತ್ರ ದೊಡ್ಡದಿದ್ದರೆ, ಕಾಯುವಿಕೆಯ ಕಡೆಗೆ ಹೋಗಿ. ‘ಎಸ್‌ಐ’ ಮತ್ತು ‘ಎಸ್‌ಒ’ ಕಾಲಮ್‌ಗಳಲ್ಲಿ ಸಂಖ್ಯೆಗಳು ನಿರಂತರವಾಗಿ ಕುಣಿಯುತ್ತಿದ್ದರೆ ಮೆಮೊರಿ ಸಾಲದೆ ಯಂತ್ರ ಸ್ವಾಪ್‌ಗೆ ಬಿದ್ದಿದೆ. ಅಲ್ಲಿಗೆ ಹುಡುಕಾಟ ಮುಗಿಯಿತು, ಮೆಮೊರಿ ತಿನ್ನುತ್ತಿರುವ ಪ್ರೊಸೆಸ್ ಯಾವುದೆಂದು ನೋಡಿ. ಬಲಭಾಗದ ‘ಎಸ್‌ಟಿ’ಯಲ್ಲಿ ಎರಡಂಕಿ ಕಂಡರೆ ನಿಮ್ಮದು ವರ್ಚುವಲ್ ಯಂತ್ರ ಮತ್ತು ನಿಮ್ಮ ಪಾಲಿನ ಸಿಪಿಯು ಸಮಯ ಪಕ್ಕದ ಬಾಡಿಗೆದಾರರಿಗೆ ಹೋಗುತ್ತಿದೆ, ನಿಮ್ಮ ಕಡೆ ಮಾಡುವಂಥದ್ದು ಕಡಿಮೆ, ಸೇವೆ ಕೊಡುವವರಿಗೆ ಆ ಸಾಲುಗಳನ್ನೇ ಕಳಿಸಿ.

ಒಂದು ಬಲೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಡಬ್ಲ್ಯುಎ’ ಕಾಲಮ್ ಸೊನ್ನೆ ಇದೆಯಲ್ಲ, ಹಾಗಾದರೆ ಯಾರೂ ಕಾಯುತ್ತಿಲ್ಲ ಎಂದು ಅನೇಕರು ತೀರ್ಮಾನಿಸುತ್ತಾರೆ. ಆ ಕಾಲಮ್ ಮುಖ್ಯವಾಗಿ ಸ್ಥಳೀಯ ಡಿಸ್ಕ್‌ನ ಕಾಯುವಿಕೆಯನ್ನು ತೋರಿಸುತ್ತದೆ. ನೆಟ್‌ವರ್ಕ್‌ನ ಆಚೆಗಿರುವ ಪೆಟ್ಟಿಗೆ ಸತ್ತು, ಅದಕ್ಕಾಗಿ ನಲವತ್ತು ಪ್ರೊಸೆಸ್‌ಗಳು ಡಿ ಸ್ಥಿತಿಯಲ್ಲಿದ್ದರೂ ಡಬ್ಲ್ಯುಎ (ಬಿ ಕೂಡ) ಸೊನ್ನೆಯಲ್ಲೇ ಉಳಿಯಬಹುದು. ‘ಕಾರಣವೇ ಇಲ್ಲದ ಲೋಡ್’ ಎಂದು ಜನ ಕೈಚೆಲ್ಲುವ ಪ್ರಕರಣಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ.

ಡಿ ಸ್ಥಿತಿಯವರನ್ನು ಮಾತನಾಡಿಸುವುದು

ಕೋಲಾರದ ಒಂದು ಟೊಮೆಟೊ ಮಂಡಿಯಲ್ಲಿ ನಡೆದ ಪ್ರಕರಣವನ್ನು ಪೂರ್ತಿಯಾಗಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ವಿಧಾನವೆಲ್ಲ ಅದರಲ್ಲೇ ಇದೆ. ಹದಿನೈದು ಕೆಜಿ ಬಾಕ್ಸ್‌ಗಳ ಲೆಕ್ಕ, ರೈತರ ಬಿಲ್, ಖರೀದಿದಾರರ ಬಾಕಿ ಎಲ್ಲವೂ ಒಂದೇ ಸರ್ವರ್‌ನಲ್ಲಿ. ಡೇಟಾಬೇಸ್ ಸರ್ವರ್‌ನ ಸ್ವಂತ ಡಿಸ್ಕ್‌ನಲ್ಲಿದೆ. ಬಿಲ್‌ಗಳ ಪಿಡಿಎಫ್ ಪ್ರತಿಗಳು ಮತ್ತು ಬ್ಯಾಕಪ್ ಮಾತ್ರ ಪಕ್ಕದ ಕೋಣೆಯ ನ್ಯಾಸ್ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್) ಪೆಟ್ಟಿಗೆಗೆ ಹೋಗುತ್ತವೆ. ಅದನ್ನು ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಫೈಲ್ ವ್ಯವಸ್ಥೆಯ ಮೂಲಕ ಮೌಂಟ್ ಮಾಡಲಾಗಿದೆ. ಬೆಳಿಗ್ಗೆ ಲೋಡ್ 40 ಮುಟ್ಟಿತ್ತು, ಬಿಲ್ ಪರದೆ ಸ್ತಬ್ಧವಾಗಿತ್ತು. ‘ಸಾರ್, ಯಂತ್ರ ಹಳತಾಗಿದೆಯಂತೆ, ಹೊಸದು ತರಿಸಲೇ?’ ಎಂದು ಗುಮಾಸ್ತರು ಕೇಳಿದರು. ಸರಬರಾಜುದಾರರ ಕೊಟೇಷನ್ ಆಗಲೇ ಮೇಜಿನ ಮೇಲಿತ್ತು.

ಟಾಪ್ ಇಂಥಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಸಿಪಿಯು ಬಳಕೆಯ ಕ್ರಮದಲ್ಲಿ ಜೋಡಿಸುತ್ತದೆ, ಡಿ ಸ್ಥಿತಿಯವರು ಸಿಪಿಯುವನ್ನು ಮುಟ್ಟುವುದೇ ಇಲ್ಲ, ಪಟ್ಟಿಯ ಕೆಳಗೆಲ್ಲೋ ಹೂತಿರುತ್ತಾರೆ. ಬದಲಿಗೆ ಈ ಕಮಾಂಡ್ ಕೊಡಿ:

ಪಿಎಸ್ -ಇಒ ಸ್ಟೇಟ್,ಪಿಐಡಿ,ಪಿಪಿಐಡಿ,ಎಲ್‌ಸ್ಟಾರ್ಟ್,ಡಬ್ಲ್ಯುಚಾನ್:30,ಆರ್ಗ್ಸ್ (ps -eo state,pid,ppid,lstart,wchan:30,args)

ಇದರಿಂದ ದೊಡ್ಡಕ್ಷರದ ಡಿ ಇಂದ ಶುರುವಾಗುವ ಸಾಲುಗಳನ್ನು ಗ್ರೆಪ್‌ನಿಂದ ಸೋಸಿ. ಪ್ರತಿ ಸಾಲೂ ನಾಲ್ಕು ವಿಷಯ ಹೇಳುತ್ತದೆ: ಯಾರು ಕಾಯುತ್ತಿದ್ದಾರೆ, ಯಾರು ಅವರನ್ನು ಹುಟ್ಟಿಸಿದರು, ಯಾವಾಗ ಶುರುವಾದರು, ಮತ್ತು ಕರ್ನಲ್‌ನ ಯಾವ ಫಂಕ್ಷನ್‌ನಲ್ಲಿ ನಿಂತಿದ್ದಾರೆ. ಎಲ್ಲಕ್ಕಿಂತ ಬೆಲೆಬಾಳುವುದು ಕೊನೆಯದು, ಅದೇ ಡಬ್ಲ್ಯುಚಾನ್.

ಮಂಡಿಯ ಸರ್ವರ್‌ನಲ್ಲಿ ಬಂದ ಸಾಲುಗಳು ಬಹುತೇಕ ಒಂದೇ ಅಚ್ಚಿನಲ್ಲಿದ್ದವು. ಆರ್ಗ್ಸ್ ಕಾಲಮ್‌ನಲ್ಲಿ ‘ಡಿಎಫ್’, ಮತ್ತೆ ‘ಡಿಎಫ್’, ಮತ್ತೆ ‘ಡಿಎಫ್’. ಶುರುವಾದ ಸಮಯ 4.15, 4.20, 4.25, 4.30. ಡಬ್ಲ್ಯುಚಾನ್ ಕಾಲಮ್‌ನಲ್ಲಿ ‘ಆರ್‌ಪಿಸಿ_ವೇಟ್_ಬಿಟ್_ಕಿಲ್ಲಬಲ್’. ಕೊನೆಯ ಕೆಲವು ಸಾಲುಗಳಲ್ಲಿ ಮಾತ್ರ ಬಿಲ್ ತಂತ್ರಾಂಶದ ಪ್ರೊಸೆಸ್‌ಗಳು, ಅವು ಏಳು ಗಂಟೆಯ ನಂತರದವು.

ಇವನ್ನು ನಿಧಾನವಾಗಿ ಓದಿದರೆ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಐದು ನಿಮಿಷಗಳ ಅಂತರ ಎಂದರೆ ಮನುಷ್ಯರ ಕೈಯಲ್ಲ, ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್. ಡಿಎಫ್ ಎಂದರೆ ಡಿಸ್ಕ್ ಜಾಗ ತೋರಿಸುವ ಕಮಾಂಡ್, ಅದನ್ನು ಓಡಿಸುತ್ತಿರುವುದು ಕಾವಲು ಸ್ಕ್ರಿಪ್ಟ್. ಡಿಎಫ್ ಎಲ್ಲ ಮೌಂಟ್‌ಗಳನ್ನೂ ಮುಟ್ಟುತ್ತದೆ, ನ್ಯಾಸ್‌ನದನ್ನೂ. ಆರ್‌ಪಿಸಿ ಎಂಬ ಹೆಸರು ಬಂದರೆ ಕಾಯುತ್ತಿರುವುದು ಎನ್‌ಎಫ್‌ಎಸ್ ಉತ್ತರಕ್ಕಾಗಿ. ಅಂದರೆ 4.10 ಮತ್ತು 4.15ರ ನಡುವೆ ನ್ಯಾಸ್ ಮಾತು ನಿಲ್ಲಿಸಿದೆ. ಆನಂತರ ಐದು ನಿಮಿಷಕ್ಕೊಂದು ಡಿಎಫ್ ಹೋಗಿ ಸಿಕ್ಕಿಕೊಂಡಿದೆ, ಒಂದೊಂದೂ ಲೋಡ್‌ಗೆ ಒಂದನ್ನು ಸೇರಿಸಿದೆ: ಗಂಟೆಗೆ 12. ಲೋಡ್‌ನ ನಕ್ಷೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಒಂದು ಮೆಟ್ಟಿಲೂ ಇಳಿಯದೆ ಇದ್ದರೆ, ಅದು ಯಾವಾಗಲೂ ಹೀಗೆ ನಿಗದಿತ ಸಮಯಕ್ಕೆ ಬಂದು ರಾಶಿ ಬೀಳುತ್ತಿರುವ ಕೆಲಸದ ಗುರುತು. ನಿಜವಾದ ದಟ್ಟಣೆಯ ನಕ್ಷೆ ಏರುತ್ತ ಇಳಿಯುತ್ತ ಇರುತ್ತದೆ. ಏಳರ ನಂತರ ಮೊದಲ ಬಿಲ್‌ನ ಪಿಡಿಎಫ್ ನ್ಯಾಸ್‌ಗೆ ಹೊರಟಿತು, ಆಗ ಮಾತ್ರ ಮನುಷ್ಯರಿಗೆ ತೊಂದರೆ ಗೊತ್ತಾಯಿತು.

ಖಚಿತಪಡಿಸಿಕೊಳ್ಳಲು ಡಿಮೆಸೇಜ್ ನೋಡಿದರೆ ಎನ್‌ಎಫ್‌ಎಸ್ ಸರ್ವರ್ ಪ್ರತಿಕ್ರಿಯಿಸುತ್ತಿಲ್ಲ, ಪ್ರಯತ್ನ ಮುಂದುವರಿದಿದೆ ಎಂಬ ಸಾಲು 4.13ಕ್ಕೆ ಬಿದ್ದಿತ್ತು. ನ್ಯಾಸ್‌ನ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರವಿಲ್ಲ. ಪಕ್ಕದ ಕೋಣೆಗೆ ಹೋಗಿ ನೋಡಿದರೆ ಪೆಟ್ಟಿಗೆಯ ದೀಪಗಳು ಹಸಿರಾಗಿ ಉರಿಯುತ್ತಿವೆ! ನಸುಕಿನಲ್ಲಿ ಕರೆಂಟ್ ಹೋಗಿ ಬಂದಿದೆ. ಸರ್ವರ್ ಯುಪಿಎಸ್ ಮೇಲಿತ್ತು, ನ್ಯಾಸ್ ನೇರ ಗೋಡೆಯ ಸಾಕೆಟ್‌ನಲ್ಲಿತ್ತು. ನ್ಯಾಸ್ ಮತ್ತು ರೂಟರ್ ಎರಡೂ ಒಟ್ಟಿಗೆ ಎದ್ದಾಗ ರೂಟರ್ ಅದಕ್ಕೆ ಬೇರೆ ಐಪಿ ವಿಳಾಸ ಕೊಟ್ಟಿದೆ. ಪೆಟ್ಟಿಗೆ ಜೀವಂತವಾಗಿದೆ, ಸರ್ವರ್ ಮಾತ್ರ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿದೆ.

ನ್ಯಾಸ್‌ಗೆ ಹಳೆಯ ವಿಳಾಸವನ್ನೇ ಸ್ಥಿರವಾಗಿ ಕೊಟ್ಟ ಕೆಲವು ಕ್ಷಣಗಳಲ್ಲಿ ಡಿಮೆಸೇಜ್‌ನಲ್ಲಿ ಸರ್ವರ್ ಸರಿಯಿದೆ ಎಂಬ ಸಾಲು ಬಿತ್ತು, ಸಿಕ್ಕಿಕೊಂಡಿದ್ದ ಡಿಎಫ್‌ಗಳೆಲ್ಲ ಒಟ್ಟಿಗೆ ಮುಗಿದವು, ಬಿಲ್‌ಗಳು ಹೊರಬಂದವು. ರೀಬೂಟ್ ಬೇಕಾಗಲಿಲ್ಲ. ಕೊಟೇಷನ್ ವಾಪಸ್ ಹೋಯಿತು. ಸುಗ್ಗಿಯಲ್ಲಿ ಟೊಮೆಟೊ ಬೆಲೆ ನೆಲ ಕಚ್ಚಿದಾಗ ಬಾಕ್ಸ್‌ಗೊಂದು ರೂಪಾಯಿಯನ್ನೂ ಲೆಕ್ಕಹಾಕುವ ಜನರ ನಡುವೆ ಕೆಲಸ ಮಾಡುವವರು, ಬೇಡದ ಸರ್ವರ್ ಖರೀದಿಯನ್ನು ತಡೆಯುವುದನ್ನು ತಮ್ಮ ಕರ್ತವ್ಯವೆಂದೇ ತಿಳಿಯಬೇಕು.

ಇಂತಹ ಸಂದರ್ಭದಲ್ಲಿ ಕೈ ಸುಟ್ಟುಕೊಳ್ಳದಿರಲು ಕೆಲವು ಮಾತು. ಸಿಕ್ಕಿಕೊಂಡ ಮೌಂಟ್‌ನೊಳಗೆ ಸಿಡಿ ಅಥವಾ ಎಲ್‌ಎಸ್ ಮಾಡಬೇಡಿ, ನಿಮ್ಮ ಶೆಲ್ (ಕಮಾಂಡ್ ಕೊಡುವ ಕಿಟಕಿ) ಕೂಡ ಅದೇ ಸಾಲಿಗೆ ಸೇರುತ್ತದೆ. ಬರೀ ಡಿಎಫ್ ಬದಲು ‘ಡಿಎಫ್ -ಎಲ್’ ಕೊಟ್ಟರೆ ಅದು ಸ್ಥಳೀಯ ಡಿಸ್ಕ್‌ಗಳನ್ನಷ್ಟೇ ನೋಡುತ್ತದೆ. ಪ್ರೋಕ್‌ನ ಮೌಂಟ್ಸ್ ಫೈಲ್ ಓದುವುದು ನಿರಪಾಯ. ಮೌಂಟ್ ಬದುಕಿದೆಯೇ ಎಂದು ಪರೀಕ್ಷಿಸಲೇಬೇಕಿದ್ದರೆ ಟೈಮ್‌ಔಟ್ ಕಮಾಂಡ್‌ಗೆ ಕಿಲ್ ಸಿಗ್ನಲ್ ಮತ್ತು 5 ಸೆಕೆಂಡಿನ ಮಿತಿ ಕೊಟ್ಟು, ಅದರೊಳಗೆ ಸ್ಟ್ಯಾಟ್ ಓಡಿಸಿ.

ಡಿ ಸ್ಥಿತಿಯ ಪ್ರೊಸೆಸ್‌ಗಳನ್ನು ‘ಕಿಲ್ -9’ ಕೂಡ ಕೊಲ್ಲುವುದಿಲ್ಲ ಎಂಬ ಮಾತು ಅರ್ಧ ನಿಜ. 2008ರ ಲಿನಕ್ಸ್ 2.6.25ರಲ್ಲಿ ಕೊಲ್ಲಬಹುದಾದ ಕಾಯುವಿಕೆ ಎಂಬ ಹೊಸ ಬಗೆ ಬಂತು. ಡಬ್ಲ್ಯುಚಾನ್ ಹೆಸರಿನ ಕೊನೆಯಲ್ಲಿ ‘ಕಿಲ್ಲಬಲ್’ ಎಂದಿದ್ದರೆ ಅವು 9ಕ್ಕೆ ಬಗ್ಗುತ್ತವೆ. ಉಳಿದವು ಹೆಚ್ಚಾಗಿ ಬಗ್ಗುವುದಿಲ್ಲ. ಆದರೆ ಡೇಟಾ ಬರೆಯುತ್ತಿದ್ದ ಪ್ರೊಸೆಸ್ ಅನ್ನು ಕೊಲ್ಲುವ ಮೊದಲು ಆ ಡೇಟಾ ಏನಾಗುತ್ತದೆ ಎಂದು ಯೋಚಿಸಿ. ‘ಯುಮೌಂಟ್ -ಎಲ್’ ಮೌಂಟ್‌ನ ಹೆಸರನ್ನು ಕಣ್ಣಿಂದ ಮರೆ ಮಾಡುತ್ತದೆ ಅಷ್ಟೇ, ಒಳಗೆ ಸಿಕ್ಕಿದವರು ಅಲ್ಲೇ ಇರುತ್ತಾರೆ.

ಡಬ್ಲ್ಯುಚಾನ್ ಕಾಲಮ್ ಖಾಲಿ ಬಂದರೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಪ್ರೋಕ್‌ನಲ್ಲಿ ಆ ಪಿಐಡಿಯ (ಪ್ರೊಸೆಸ್ ಸಂಖ್ಯೆಯ) ಡೈರೆಕ್ಟರಿಯೊಳಗಿನ ಸ್ಟ್ಯಾಕ್ ಫೈಲ್ ಓದಿ. ಎಲ್ಲರನ್ನೂ ಒಂದೇ ಬಾರಿಗೆ ನೋಡಬೇಕಾದರೆ ಪ್ರೋಕ್‌ನ ಸಿಸ್‌ಆರ್‌ಕ್ಯೂ-ಟ್ರಿಗರ್ ಫೈಲ್‌ಗೆ ‘ಡಬ್ಲ್ಯು’ ಎಂಬ ಸಣ್ಣಕ್ಷರ ಬರೆಯಿರಿ. ಡಿ ಸ್ಥಿತಿಯಲ್ಲಿರುವ ಎಲ್ಲರ ವಿವರವೂ ಡಿಮೆಸೇಜ್‌ನಲ್ಲಿ ಬೀಳುತ್ತದೆ. ಅಕ್ಷರ ಟೈಪ್ ಮಾಡುವಾಗ ಎಚ್ಚರ. ಅದೇ ಫೈಲ್‌ಗೆ ‘ಬಿ’ ಬರೆದರೆ ಯಂತ್ರ ಆ ಕ್ಷಣವೇ, ಡಿಸ್ಕ್‌ಗೆ ಬರೆಯಬೇಕಾದದ್ದನ್ನೂ ಬರೆಯದೆ, ರೀಬೂಟ್ ಆಗುತ್ತದೆ.

ಕಾಯುವಿಕೆ ಸ್ವಂತ ಡಿಸ್ಕ್‌ನದಾದರೆ

ಡಬ್ಲ್ಯುಚಾನ್‌ನಲ್ಲಿ ‘ಐಒ_ಷೆಡ್ಯೂಲ್’ ಅಥವಾ ‘ಜೆಬಿಡಿ2’ ಎಂದು ಶುರುವಾಗುವ ಹೆಸರುಗಳು ಕಂಡರೆ ‘ಐಒಸ್ಟ್ಯಾಟ್ -ಎಕ್ಸ್ 5’ ಕೊಟ್ಟು ಓದು ಮತ್ತು ಬರಹದ ಅವೇಟ್ ಕಾಲಮ್‌ಗಳನ್ನು ನೋಡಿ. ತಿರುಗುವ ಡಿಸ್ಕ್‌ಗೆ ಹತ್ತು ಹದಿನೈದು ಮಿಲಿಸೆಕೆಂಡ್ ಸಹಜ. ನೂರಾರು ಆಗಿದ್ದರೆ ರೋಗವಿದೆ. ಶೇಕಡಾ ಯುಟಿಲ್ ಕಾಲಮ್ 100 ಎಂದ ಮಾತ್ರಕ್ಕೆ ಹೆದರಬೇಡಿ, ಎಸ್‌ಎಸ್‌ಡಿ ಮತ್ತು ರೇಡ್‌ಗಳಲ್ಲಿ (ಹಲವು ಡಿಸ್ಕ್‌ಗಳ ಜೋಡಣೆಗಳಲ್ಲಿ) ಅದು ಸಾಮರ್ಥ್ಯ ಮುಗಿದುದರ ಗುರುತಲ್ಲ.

ಡಿಸ್ಕ್ ಸಾಯುತ್ತಿರಬಹುದು: ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ಬಾಕಿ ಇರುವ ಸೆಕ್ಟರ್ ಮತ್ತು ಬದಲಿಸಿದ ಸೆಕ್ಟರ್‌ಗಳ ಎಣಿಕೆ ನೋಡಿ. ರೇಡ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿರಬಹುದು: ಪ್ರೋಕ್‌ನ ಎಂಡಿಸ್ಟ್ಯಾಟ್ ಓದಿ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಯಂತ್ರಗಳಲ್ಲಿ ಈ ಪರೀಕ್ಷೆ ತಿಂಗಳ ಮೊದಲ ಭಾನುವಾರ ನಡುರಾತ್ರಿ ಕಳೆದು ಒಂದರ ಸುಮಾರಿಗೆ ತಾನಾಗಿ ಶುರುವಾಗುವುದು ವಾಡಿಕೆ. ಆ ದಿನ ಮಾತ್ರ ಲೋಡ್ ಏರುತ್ತದೆ ಎಂಬ ದೂರು ಬಂದರೆ ಮೊದಲು ಇದನ್ನೇ ಅನುಮಾನಿಸಿ.

ನಮ್ಮ ಜಿಲ್ಲೆಗಳಿಗೆ ವಿಶೇಷವಾಗಿ ಅನ್ವಯಿಸುವ ಕಾರಣವೊಂದಿದೆ. ಹಲವು ಹಾರ್ಡ್‌ವೇರ್ ರೇಡ್ ಕಾರ್ಡ್‌ಗಳಲ್ಲಿ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಬ್ಯಾಟರಿ ಸರಿಯಿರುವವರೆಗೆ ಬರೆಯಬೇಕಾದದ್ದನ್ನು ಕಾರ್ಡ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯಿತು’ ಎಂದು ತಕ್ಷಣ ಉತ್ತರಿಸುತ್ತದೆ. ಬ್ಯಾಟರಿ ಬಲಗುಂದಿದ ದಿನ, ಕರೆಂಟ್ ಹೋದರೆ ಡೇಟಾ ಉಳಿಯಲಿ ಎಂದು, ಪ್ರತಿ ಬರಹವೂ ಡಿಸ್ಕ್ ಮುಟ್ಟುವವರೆಗೆ ಕಾಯುವ ಕ್ರಮಕ್ಕೆ ಕಾರ್ಡ್ ತಾನಾಗಿಯೇ ಬದಲಾಗುತ್ತದೆ. ತಂತ್ರಾಂಶ ಬದಲಾಗಿಲ್ಲ, ಬಳಕೆದಾರರು ಹೆಚ್ಚಿಲ್ಲ, ಡಿಸ್ಕ್ ಆರೋಗ್ಯವಾಗಿದೆ, ಆದರೂ ನಿನ್ನೆಯಿಂದ ಡೇಟಾಬೇಸ್ ತೆವಳುತ್ತಿದೆ ಎಂದರೆ ಕಾರ್ಡ್‌ನ ಸ್ವಂತ ಉಪಕರಣದಲ್ಲಿ ಬ್ಯಾಟರಿಯ ಸ್ಥಿತಿ ನೋಡಿ. ಬ್ಯಾಟರಿ ಬದಲಿಸಿ. ಬ್ಯಾಟರಿ ಇಲ್ಲದೆಯೂ ಹಳೆಯ ವೇಗದಲ್ಲೇ ಓಡಿಸುವ ಆಯ್ಕೆ ಅಲ್ಲಿರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟ್ ಹೋಗುವ ಊರಿನಲ್ಲಿ ಅದನ್ನು ದಯವಿಟ್ಟು ಮುಟ್ಟಬೇಡಿ.

ಆರ್ ಕಡೆಯ ಅಗೋಚರರು

ಸಿಪಿಯು ನಿಜಕ್ಕೂ ತುಂಬಿದೆ, ಆದರೆ ಟಾಪ್‌ನಲ್ಲಿ ತಿನ್ನುವವರು ಕಾಣುತ್ತಿಲ್ಲ. ಹುಟ್ಟಿ ತಕ್ಷಣ ಸಾಯುವ ಪ್ರೊಸೆಸ್‌ಗಳು ಇದಕ್ಕೆ ಸಾಮಾನ್ಯ ಕಾರಣ. ಟಾಪ್ ಮೂರು ಸೆಕೆಂಡಿಗೊಮ್ಮೆ ಚಿತ್ರ ತೆಗೆಯುತ್ತದೆ. ಎರಡು ಚಿತ್ರಗಳ ನಡುವೆ ಬಂದು ಹೋದವರು ಅದಕ್ಕೆ ಸಿಗುವುದಿಲ್ಲ. ಪ್ರೋಕ್‌ನ ಸ್ಟ್ಯಾಟ್ ಫೈಲ್‌ನಲ್ಲಿ ‘ಪ್ರೊಸೆಸಸ್’ ಎಂಬ ಸಾಲಿದೆ, ಯಂತ್ರ ಎದ್ದಾಗಿನಿಂದ ಹುಟ್ಟಿದವರ ಒಟ್ಟು ಸಂಖ್ಯೆ ಅದು. ಹತ್ತು ಸೆಕೆಂಡ್ ಬಿಟ್ಟು ಎರಡು ಬಾರಿ ಓದಿ ಕಳೆಯಿರಿ. ಶಾಂತವಾಗಿರಬೇಕಾದ ಸರ್ವರ್‌ನಲ್ಲಿ ಸೆಕೆಂಡಿಗೆ ನೂರಾರು ಹುಟ್ಟುತ್ತಿದ್ದರೆ ಎಕ್ಸೆಕ್‌ಸ್ನೂಪ್ ಓಡಿಸಿ, ಹುಟ್ಟುವ ಪ್ರತಿಯೊಂದರ ಹೆಸರೂ ತಂದೆಯ ಪಿಐಡಿಯೂ ಸಾಲಾಗಿ ಬರುತ್ತವೆ. ಏಳುತ್ತಲೇ ಬಿದ್ದು ಮತ್ತೆ ಏಳುತ್ತಿರುವ ಯಾವುದೋ ಸೇವೆ ಅಥವಾ ವಿರಾಮವಿಲ್ಲದೆ ಸುತ್ತುತ್ತಿರುವ ಶೆಲ್ ಸ್ಕ್ರಿಪ್ಟ್ ಹೆಚ್ಚಾಗಿ ಸಿಕ್ಕಿಬೀಳುತ್ತದೆ.

ಟಾಪ್‌ನಲ್ಲಿ ದೊಡ್ಡಕ್ಷರದ ‘ಎಚ್’ ಒತ್ತಿ ಥ್ರೆಡ್‌ಗಳನ್ನೂ (ಪ್ರೊಸೆಸ್‌ನೊಳಗಿನ ಕೆಲಸದ ಎಳೆಗಳನ್ನೂ) ನೋಡಿ. ಲೋಡ್ ಎಣಿಸುವುದು ಥ್ರೆಡ್‌ಗಳನ್ನು. ಒಂದೇ ಜಾವಾ ಪ್ರೊಸೆಸ್ ಒಂಟಿಯಾಗಿ ಲೋಡನ್ನು 30ಕ್ಕೆ ಒಯ್ಯಬಲ್ಲದು.

ಬೇಸಿಗೆಯಲ್ಲಿ ಇನ್ನೊಂದು ಸಾಧ್ಯತೆ ಇದೆ. ಮಂಡಿಯ ಧೂಳು, ಹುಲ್ಲಿನ ಪುಡಿ ಫ್ಯಾನ್‌ಗಳಲ್ಲಿ ತುಂಬಿದಾಗ ಸಿಪಿಯು ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದೇ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಸರದಿ ಬೆಳೆಯುತ್ತದೆ. ಡಿಮೆಸೇಜ್‌ನಲ್ಲಿ ತಾಪಮಾನ ಮಿತಿ ಮೀರಿದ ಸಾಲುಗಳಿರುತ್ತವೆ. ಬ್ಲೋವರ್ ಹಿಡಿದು ಧೂಳು ಊದಿದರೆ ಸಾಕು.

ಕೊನೆಯ ಸಾಧ್ಯತೆ ಎಲ್ಲಕ್ಕಿಂತ ಗಂಭೀರ. ಸಿಪಿಯು ಶೇ 100 ತುಂಬಿದೆ, ಪಟ್ಟಿಯಲ್ಲಿರುವ ಎಲ್ಲರದ್ದನ್ನೂ ಕೂಡಿದರೂ ಶೇ 10 ಆಗುವುದಿಲ್ಲ, ಹೊಸದಾಗಿ ಹುಟ್ಟುವವರೂ ಇಲ್ಲ. ಯಾರೋ ನುಗ್ಗಿ ಕ್ರಿಪ್ಟೊ ಗಣಿಗಾರಿಕೆಯ ತಂತ್ರಾಂಶ ಇಟ್ಟು, ಅದು ಕಾಣದಂತೆ ಪಿಎಸ್ ಮತ್ತು ಟಾಪ್‌ನ ಕಣ್ಣು ಕಟ್ಟಿರಬಹುದು. ಇಟಿಸಿ ಡೈರೆಕ್ಟರಿಯಲ್ಲಿ ‘ಎಲ್‌ಡಿ.ಎಸ್‌ಒ.ಪ್ರಿಲೋಡ್’ ಎಂಬ ಫೈಲ್ ಇದೆಯೇ ನೋಡಿ. ಹೆಚ್ಚಿನ ಸರ್ವರ್‌ಗಳಲ್ಲಿ ಅದು ಇರುವುದೇ ಇಲ್ಲ. ಹೊರಗಿನ ಲೈಬ್ರರಿಗಳನ್ನು ಅವಲಂಬಿಸದ (ಸ್ಥಿರವಾಗಿ ಲಿಂಕ್ ಮಾಡಿದ) ಬ್ಯುಸಿಬಾಕ್ಸ್ ಎಂಬ ಕಮಾಂಡ್‌ಗಳ ಗಂಟನ್ನು ತಂದು ಅದರ ಟಾಪ್ ಓಡಿಸಿದರೆ ಆ ಫೈಲ್‌ನ ಮಾಯೆ ಅದಕ್ಕೆ ತಟ್ಟುವುದಿಲ್ಲ. ಕರ್ನಲ್‌ನೊಳಗೇ ನುಗ್ಗಿದ್ದರೆ ಅದೂ ಸಾಲದು. ನುಗ್ಗಿದ್ದು ಖಚಿತವಾದರೆ ನೆಟ್‌ವರ್ಕ್ ಕೇಬಲ್ ಕಿತ್ತು, ಡಿಸ್ಕ್‌ನ ಪ್ರತಿ ತೆಗೆದಿಟ್ಟು, ಹೊಸದಾಗಿ ಇನ್‌ಸ್ಟಾಲ್ ಮಾಡಿ. ಒರೆಸಿ ಶುಚಿಗೊಳಿಸಿದ ಯಂತ್ರವನ್ನು ನಂಬಲಾಗದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸೆರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂತಹ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂಬುದನ್ನೂ ಮಾಲೀಕರಿಗೆ ತಿಳಿಸಿ.

ಮತ್ತೆ ಮರುಕಳಿಸದಂತೆ

ಮಂಡಿಯಲ್ಲಿ ಮಾಡಿದ ಬದಲಾವಣೆಗಳು ಇವು. ನ್ಯಾಸ್ ಮತ್ತು ಸ್ವಿಚ್ ಎರಡನ್ನೂ ಯುಪಿಎಸ್‌ಗೆ ಸೇರಿಸಲಾಯಿತು. ನ್ಯಾಸ್‌ಗೆ ಸ್ಥಿರ ಐಪಿ. ಕಾವಲು ಸ್ಕ್ರಿಪ್ಟ್‌ನಲ್ಲಿ ‘ಡಿಎಫ್ -ಎಲ್’. ಕ್ರಾನ್‌ನ ಪ್ರತಿ ಕೆಲಸದ ಮುಂದೆ ‘ಎಫ್‌ಲಾಕ್ -ಎನ್’. ಹಿಂದಿನದು ಮುಗಿಯದಿದ್ದರೆ ಹೊಸದು ಶುರುವಾಗುವುದೇ ಇಲ್ಲ. ಈ ಒಂದು ಪದವಿದ್ದಿದ್ದರೆ ಡಿಎಫ್‌ಗಳು ಲೋಡ್‌ಗೆ ಸೇರಿಸುತ್ತಿದ್ದುದು 1 ಮಾತ್ರ. ಬಿಲ್‌ನ ಪಿಡಿಎಫ್ ಮೊದಲು ಸ್ವಂತ ಡಿಸ್ಕ್‌ಗೆ ಹೋಗುತ್ತದೆ, ಆಮೇಲೆ ಬೇರೊಂದು ಕೆಲಸ ಅದನ್ನು ಆರ್‌ಸಿಂಕ್ ಮೂಲಕ ನ್ಯಾಸ್‌ಗೆ ಕಳಿಸುತ್ತದೆ; ರೈತರು ಕಾಯುವ ಕೆಲಸ ನೆಟ್‌ವರ್ಕ್ ಪೆಟ್ಟಿಗೆಯನ್ನು ಅವಲಂಬಿಸಿರಬಾರದು.

ಎನ್‌ಎಫ್‌ಎಸ್ ಮೌಂಟನ್ನು ‘ಸಾಫ್ಟ್’ ಮಾಡಿದರೆ ಕಾಯುವಿಕೆಯೇ ಇರುವುದಿಲ್ಲವಲ್ಲ ಎಂದು ಕೇಳುತ್ತಾರೆ. ಹಾರ್ಡ್ ಮೌಂಟ್ ಎಷ್ಟು ಹೊತ್ತಾದರೂ ಪ್ರಯತ್ನಿಸುತ್ತದೆ. ಸಾಫ್ಟ್ ಮೌಂಟ್ ಕೆಲವು ಪ್ರಯತ್ನಗಳ ನಂತರ ದೋಷ ಹಿಂತಿರುಗಿಸುತ್ತದೆ, ಆ ದೋಷವನ್ನು ತಂತ್ರಾಂಶ ಗಮನಿಸದಿದ್ದರೆ ಫೈಲ್ ಅರ್ಧಕ್ಕೆ ನಿಂತಿದ್ದು ಯಾರಿಗೂ ತಿಳಿಯುವುದಿಲ್ಲ. ಬರೀ ಓದುವ ಮೌಂಟ್‌ಗೆ ಸಾಫ್ಟ್ ಇರಲಿ, ಬರೆಯುವ ಕಡೆ ಹಾರ್ಡ್ ಇರಲಿ.

ಎಚ್ಚರಿಕೆಯ ಸಂದೇಶವನ್ನು ಬರೀ ಲೋಡ್ ಸಂಖ್ಯೆಗೆ ಕಟ್ಟಬೇಡಿ. ಡಿ ಸ್ಥಿತಿಯಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಇರುವವರನ್ನು ಎಣಿಸುವ ಸ್ಕ್ರಿಪ್ಟ್ ಬರೆದು ಅದಕ್ಕೆ ಕಟ್ಟಿ. ಕರ್ನಲ್ 4.20 ಅಥವಾ ನಂತರದ್ದಾಗಿದ್ದರೆ ಪ್ರೋಕ್‌ನ ಪ್ರೆಷರ್ ಡೈರೆಕ್ಟರಿಯಲ್ಲಿ ಸಿಪಿಯು, ಐಒ, ಮೆಮೊರಿ ಎಂಬ ಮೂರು ಫೈಲ್‌ಗಳಿರುತ್ತವೆ. ಯಾವುದರ ಕೊರತೆಯಿಂದ ಶೇಕಡಾ ಎಷ್ಟು ಸಮಯ ಕೆಲಸ ನಿಂತಿದೆ ಎಂದು ಅವು ಬಿಡಿಬಿಡಿಯಾಗಿ ಹೇಳುತ್ತವೆ. ಕೆಲವು ವಿತರಣೆಗಳಲ್ಲಿ ಇದನ್ನು ಬೂಟ್ ಆಯ್ಕೆಯಲ್ಲಿ ಚಾಲೂ ಮಾಡಬೇಕು.

ಸಿಸ್‌ಸ್ಟ್ಯಾಟ್ ಪ್ಯಾಕೇಜನ್ನು ಇಂದೇ ಹಾಕಿಕೊಳ್ಳಿ. ಡೆಬಿಯನ್‌ನಲ್ಲಿ ಇಟಿಸಿಯ ಡೀಫಾಲ್ಟ್ ಡೈರೆಕ್ಟರಿಯ ಸಿಸ್‌ಸ್ಟ್ಯಾಟ್ ಫೈಲ್‌ನಲ್ಲಿ ಎನೇಬಲ್ಡ್ ಎಂಬುದನ್ನು ಟ್ರೂ ಮಾಡಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ. ಅದಿಲ್ಲದಿದ್ದರೆ ಪ್ಯಾಕೇಜ್ ಇದ್ದರೂ ಏನನ್ನೂ ದಾಖಲಿಸಿರುವುದಿಲ್ಲ. ಅದು ಹತ್ತು ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ‘ಎಸ್‌ಎಆರ್ -ಕ್ಯೂ’ ಕೊಟ್ಟರೆ ಲೋಡ್ ಯಾವ ಗಳಿಗೆಯಿಂದ ಏರತೊಡಗಿತು ಎಂಬುದು ಸಿಗುತ್ತದೆ. ಆ ಗಳಿಗೆಯನ್ನು ಡಿಮೆಸೇಜ್, ಕ್ರಾನ್ ಲಾಗ್ ಮತ್ತು ಯುಪಿಎಸ್ ಲಾಗ್‌ಗಳ ಪಕ್ಕದಲ್ಲಿಟ್ಟು ಓದಿ.